ಕಲ್ಲು ತಿನ್ನುವವರ ಹಲ್ಲು

ಆ ಮನೆಯ ಮುಂದಿನ ಕೋಣೆಯಲ್ಲಿ ಮೂವತ್ತು ವರ್ಷ ಹಲ್ಲು ತಯಾರಾಗುತ್ತಿತ್ತು. ಈಗ ರಾಕ್ಷಸರು ತಯಾರಾಗುತ್ತಿದ್ದರು. ಎರಡು ಕೆಲಸವನ್ನೂ ಮನೆಯವರು ಒಂದೇ ಸಮ ಕೀಳಾಗಿ ಕಂಡರು. ಆ ವಿಷಯದಲ್ಲಿ ಅವರು ಯಾರಿಗೂ ಭೇದ ಮಾಡಲಿಲ್ಲ.

ಹಲ್ಲು ಮಾಡುತ್ತಿದ್ದವನು ಅಪ್ಪ. ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಅಪ್ಪ ಅದಕ್ಕೆ ಸರಿಯಾಗಿ ಹಲ್ಲಿನ ಸೆಟ್ಟು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸ್ಸು ಕಳಿಸುತ್ತಿದ್ದ. ಬೀದಿಯವರು ಅವನನ್ನು ಹಲ್ಲಪ್ಪ ಎಂದು ಕರೆಯುತ್ತಿದ್ದರು, ಅದೂ ಮುಖದೆದುರಿಗೇ. ಆಮೇಲೆ ಡಾಕ್ಟರುಗಳು ಯಂತ್ರ ತರಿಸಿಕೊಂಡರು. ಅಚ್ಚು ಬರುವುದು ನಿಂತಿತು. ಅಪ್ಪ ಬೆಂಚು ಬಿಟ್ಟು ನಡುಮನೆಯ ಕುರ್ಚಿಗೆ ಬಂದ. ಭೂತಗನ್ನಡಿಯೊಂದನ್ನು ಮಾತ್ರ ಅಂಗಿಯ ಜೇಬಿನಲ್ಲಿ ಉಳಿಸಿಕೊಂಡ. ಟಿವಿಯಲ್ಲಿ ಯಾರೇ ಬಾಯಿ ತೆರೆಯಲಿ, ಅವರು ಏನು ಹೇಳಿದರೆಂದು ಅವನು ಕೇಳಿಸಿಕೊಂಡದ್ದಿಲ್ಲ. "ಮೇಲಿನ ಸೆಟ್ಟು ಸಡಿಲ. ಯಂತ್ರದ್ದು," ಎನ್ನುತ್ತಿದ್ದ. ಅಲ್ಲಿಗೆ ಆ ಮನುಷ್ಯನ ಕಥೆ ಮುಗಿಯಿತು.

ಖಾಲಿಯಾದ ಬೆಂಚಿಗೆ ಮಗಳು ಬಂದಳು. ಆಟದ ಕಂಪನಿಗಳಿಗೆ ಅವಳು ಹೆಬ್ಬೆರಳುದ್ದದ ಮೂರ್ತಿಗಳನ್ನು ಮಾಡಿಕೊಡುತ್ತಿದ್ದಳು. ರೆಕ್ಕೆಯ ಕುದುರೆ, ಮೂರು ಕೈಯ ಮಾಟಗಾತಿ, ಬೇರೆ ಗ್ರಹದ ಸಿಪಾಯಿ, ಹೀಗೆ. ಅವಳು ಮಾಡಿದ ಒಂದರಿಂದ ಅಚ್ಚು ತೆಗೆದು ಕಂಪನಿಯವರು ಸಾವಿರ ಎರಕ ಹೊಯ್ಯುತ್ತಿದ್ದರು. ಮೀಸೆ ಬಂದ ಗಂಡಸರು ಅವನ್ನು ಕೊಂಡು, ಬಣ್ಣ ಬಳಿದು, ಮೇಜಿನ ಮೇಲೆ ಯುದ್ಧ ಆಡುತ್ತಿದ್ದರು. ಸಂಬಳವಿಲ್ಲ, ರಜೆಯಿಲ್ಲ. ಒಬ್ಬ ಕೊಟ್ಟ ಕೆಲಸ ಮುಗಿದರೆ ಇನ್ನೊಬ್ಬ ಸಿಗುವವರೆಗೆ ಕಾಯಬೇಕು. ಆದರೂ ಬೆಳಿಗ್ಗೆ ಬೀದಿಬದಿಯ ಕಿಟಕಿಯಿಂದ ಬೆಳಕು ಬೆಂಚಿನ ಮೇಲೆ ಬಿದ್ದಾಗ, ಸೂಜಿಯ ತುದಿಯಲ್ಲಿ ಒಂದು ಕಣ್ಣಿನ ರೆಪ್ಪೆ ಎತ್ತುವಾಗ, ಈ ಮನೆಯಲ್ಲಿ ಮನುಷ್ಯಳಂತೆ ಇರುವವಳು ತಾನೊಬ್ಬಳೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಅಪ್ಪನ ಕೆಲಸದ ಬಗ್ಗೆ ಅವಳಿಗೆ ಒಳ್ಳೆಯ ಅಭಿಪ್ರಾಯವೇನೂ ಇರಲಿಲ್ಲ. ಬೋಳು ಬಾಯಿಗಳಿಗೆ ಹಲ್ಲಿನ ತಟ್ಟೆ ಜೋಡಿಸುವುದು, ಅಷ್ಟೆ, ಎಂದು ಒಮ್ಮೆ ಅವನೆದುರಿಗೇ ಅಂದಿದ್ದಳು.

ಅಣ್ಣ ನೆಲಕ್ಕೆ ಹಾಸುವ ಟೈಲ್ಸ್ ಅಂಗಡಿಯಲ್ಲಿ ಮ್ಯಾನೇಜರು. ಅವನ ಕೈಕೆಳಗೆ ಇಬ್ಬರಿದ್ದರು, ಅದರಲ್ಲೊಬ್ಬ ಅರ್ಧ ದಿನದವನು. ಮನೆಗೆ ಬಂದ ಮೇಲೂ ಅಣ್ಣ ಟೈ ಬಿಚ್ಚುತ್ತಿರಲಿಲ್ಲ. ಅದರ ತುದಿಯನ್ನು ಅಂಗಿಯ ಗುಂಡಿಗಳ ನಡುವೆ ಸಿಕ್ಕಿಸಿಕೊಂಡು ಊಟಕ್ಕೆ ಕೂರುತ್ತಿದ್ದ. ಒಂದು ಸೋಮವಾರ ಅವನು ತಟ್ಟೆಯ ಮುಂದೆ ಗಂಟಲು ಸರಿ ಮಾಡಿಕೊಂಡ.

"ಮುಂದಿನ ಕೋಣೇನ ಬಾಡಿಗೆಗೆ ಕೊಡೋಣ ಅಂತಿದೀನಿ. ಪಾರ್ಸೆಲ್ ಕೌಂಟರ್‌ಗೆ ಒಬ್ರು ಕೇಳ್ತಿದಾರೆ. ಬೀದಿ ಕಡೆಗೇ ಬಾಗಿಲಿದೆ, ಒಳ್ಳೇ ಜಾಗ."

"ಅಲ್ಲಿ ನಾನು ಕೆಲಸ ಮಾಡ್ತೀನಲ್ಲ," ಎಂದಳು ಮಗಳು.

"ಕೆಲಸ," ಎಂದ ಅಣ್ಣ, ಬಾಯಿಗೆ ಕೂದಲು ಸಿಕ್ಕವನಂತೆ.

ಅತ್ತಿಗೆ ಫೋನಿನಿಂದ ಕಣ್ಣೆತ್ತದೆ ಹೇಳಿದಳು: "ನನ್ನ ಗೆಳತಿ ಮಗನೂ ಮಣ್ಣಲ್ಲಿ ಏನೇನೋ ಮಾಡ್ತಾನಪ್ಪ. ನಾಲ್ಕು ವರ್ಷ ಅವನಿಗೆ."

"ಅಂಗಡಿಗೆ ಬಂದವರು ತಂಗಿ ಏನ್ ಮಾಡ್ತಾಳೆ ಅಂತ ಕೇಳ್ತಾರೆ. ಏನ್ ಹೇಳ್ಲಿ? ದೆವ್ವ ಮಾಡ್ತಾಳೆ ಅನ್ಲಾ?"

"ಅಣ್ಣ ಏನ್ ಮಾಡ್ತಾನೆ ಅಂತ ನನ್ನೂ ಕೇಳ್ತಾರೆ. ಬಚ್ಚಲುಮನೆ ನೆಲ ಮಾರ್ತಾನೆ ಅಂತೀನಿ. ನಂಗೇನೂ ನಾಚಿಕೆ ಆಗಲ್ಲ."

"ಅಮ್ಮಾ, ಕೇಳಿಸ್ಕೊಂಡ್ಯಾ ಇವಳ ಮಾತು?"

"ಕೇಳಿಸ್ತು. ಇನ್ನೊಂದು ಮೊಟ್ಟೆ ಹಾಕ್ಲಾ?" ಎಂದಳು ಅಮ್ಮ. ಮನೆಯ ಯಾವ ಜಗಳಕ್ಕೂ ಅವಳ ಬಳಿ ಇದ್ದದ್ದು ಒಂದೇ ಉತ್ತರ, ಸೌಟು.

ಅಪ್ಪ ಯಾರ ಪರವೂ ವಹಿಸಲಿಲ್ಲ. "ಪಾರ್ಸೆಲ್ಲೂ ಬೇಡ, ದೆವ್ವಾನೂ ಬೇಡ. ಆ ಬೆಂಚಿನ ಮೇಲೆ ಮನುಷ್ಯರ ಬಾಯಿಗೆ ಹಲ್ಲು ಬರ್ತಿತ್ತು."

"ಈಗ ಬರ್ತಿಲ್ವಲ್ಲ," ಎಂದರು ಅಣ್ಣ ತಂಗಿ ಇಬ್ಬರೂ ಒಟ್ಟಿಗೆ. ಆ ವರ್ಷ ಅವರಿಬ್ಬರು ಒಪ್ಪಿದ ಮಾತು ಅದೊಂದೇ.

ಕೊನೆಗೆ ಅಣ್ಣ ತೀರ್ಪು ಕೊಟ್ಟ. "ಈ ತಿಂಗಳೊಳಗೆ ಒಂದು ಸರಿಯಾದ ಆರ್ಡರ್ ತೋರ್ಸು. ಕಾಗದದ ಮೇಲೆ, ಕಂಪನಿ ಮೊಹರು ಇರೋದು. ತೋರಿಸಿ, ಅದನ್ನ ಹೇಳಿದ ದಿನಕ್ಕೆ ಮುಗಿಸ್ದೆ ಅಂದ್ರೆ ಕೋಣೆ ನಿಂದು, ಮತ್ತೆ ನಾನು ಬಾಯಿ ಬಿಡಲ್ಲ. ಇಲ್ಲಾಂದ್ರೆ ಪಾರ್ಸೆಲ್‌ನವರಿಗೆ."

"ಆಗ್ಲಿ," ಎಂದಳು ಮಗಳು, ಎದ್ದು ತಟ್ಟೆ ತೊಳೆಯಲು ಹೋದಳು. ಅತ್ತಿಗೆಯ ತಟ್ಟೆ ಅಲ್ಲೇ ಉಳಿಯಿತು. ಅದನ್ನು ಯಾವತ್ತೂ ಅಮ್ಮನೇ ತೊಳೆಯುತ್ತಿದ್ದಳು.

ಅವಳು ಧೈರ್ಯವಾಗಿ ಆಗಲಿ ಎಂದದ್ದಕ್ಕೆ ಕಾರಣವಿತ್ತು. ಒಬ್ಬ ಕಂಪನಿಯವನು ಆಗಲೇ ಫೋನಿನಲ್ಲಿ ಮುಖ ತೋರಿಸಿ ಮಾತಾಡಿದ್ದ. ಅವರ ಹೊಸ ಆಟದಲ್ಲಿ ನೆಲದಡಿ ಬದುಕುವ ಒಂದು ಕುಲವಿತ್ತಂತೆ. ಒಡೆದ ಆಕಾಶನೌಕೆಯ ತಗಡನ್ನು ಮೈಗೆ ಕಟ್ಟಿಕೊಂಡು ಬರೀ ಕಲ್ಲು ತಿಂದು ಬದುಕುವವರು. ಬಾಗಿಲು ಕಾಯುವವನು, ಅಡುಗೆಯವಳು, ನ್ಯಾಯಾಧೀಶ, ಸೂಲಗಿತ್ತಿ, ಚಾಲಕ, ರಾಣಿ ಎಂದು ಒಟ್ಟು ಆರು ಮಂದಿ. ಮೊದಲು ಬಾಗಿಲು ಕಾಯುವವನನ್ನು ಮಾಡಿ ಫೋಟೋ ಕಳಿಸಬೇಕು. ಒಪ್ಪಿಗೆಯಾದರೆ ಆರನ್ನೂ ಅವಳಿಗೇ ಕೊಡುತ್ತಾರೆ.

ಅವಳು ತಂತಿ ತಿರುಚಿ ಮೈ ಕಟ್ಟಿದಳು. ಅದನ್ನು ಬಾಟಲಿಯ ಬಿರಡೆಗೆ ಚುಚ್ಚಿ ನಿಲ್ಲಿಸಿದಳು. ಅವಳು ಮೂರ್ತಿ ಮಾಡುವ ಜೇಡಿಮಣ್ಣಿನಂಥ ಅಂಟು ಎರಡು ಬಣ್ಣದ ಪಟ್ಟಿಯಾಗಿ ಬರುತ್ತದೆ, ಒಂದು ನೀಲಿ, ಒಂದು ಹಳದಿ. ಎರಡನ್ನೂ ಸಮ ಸಮ ಕಿತ್ತು ಬೆರಳಲ್ಲಿ ನಾದಿದರೆ ಹಸಿರಾಗುತ್ತದೆ. ಹಸಿರಾದ ಮೇಲೆ ಎರಡು ತಾಸು ಹೇಳಿದ ಮಾತು ಕೇಳುತ್ತದೆ. ಆಮೇಲೆ ಯಾರ ಮಾತನ್ನೂ ಕೇಳುವುದಿಲ್ಲ, ಕಲ್ಲಾಗುತ್ತದೆ. ಹೊಟ್ಟೆ, ತಗಡು, ಗಂಟುಗಂಟಾದ ಬೆರಳು ಎಲ್ಲ ಐದು ದಿನದಲ್ಲಿ ಮುಗಿದವು. ಆರನೆಯ ದಿನ ಬೆಳಿಗ್ಗೆ ತೆರೆದ ಬಾಯಿಯೊಳಗೆ ಚೂಪು ಕೋರೆಹಲ್ಲು ನೆಡುತ್ತಿದ್ದಾಗ ಹಿಂದೆ ಕೆಮ್ಮು ಕೇಳಿಸಿತು. ಅಪ್ಪ ಭೂತಗನ್ನಡಿ ಹಿಡಿದು ಬಗ್ಗಿ ನಿಂತಿದ್ದ.

"ಇವನೇನು ತಿಂತಾನೆ?"

"ಕಲ್ಲು."

"ಈ ಹಲ್ಲಲ್ಲಾ?"

"ಹೂಂ. ಯಾಕೆ?"

"ಕಲ್ಲು ತಿನ್ನೋನಿಗೆ ಸೂಜಿ ಯಾಕೆ? ಒಂದು ಸಲ ಕಚ್ಚಿದ್ರೆ ಎಲ್ಲಾ ಉದುರತ್ತೆ. ಅರೆಯೋಕೆ ದವಡೆಹಲ್ಲು ಬೇಕು, ಅಗಲದ್ದು. ಅದೂ ಅಲ್ದೆ ಇವನು ಬಾಯಿ ಮುಚ್ಚಿದ್ರೆ ಕೆಳಗಿನ ಕೋರೆ ಮೂಗಿನ ಹೊಳ್ಳೆಗೆ ಹೋಗತ್ತೆ."

"ಇವನು ಬಾಯಿ ಮುಚ್ಚೋದೇ ಇಲ್ಲ, ಅಪ್ಪ."

"ಬಾಯಿ ಮುಚ್ಚದೇ ಇರೋ ಜೀವ ನಾನು ನೋಡಿರೋದು ನಿಮ್ಮತ್ತಿಗೆ ಒಬ್ಬಳನ್ನೇ."

"ಇದು ರಾಕ್ಷಸ. ನಿಮ್ಮ ಗಿರಾಕಿ ಅಲ್ಲ. ಹೋಗಿ ಟಿವಿ ನೋಡಿ."

"ಗಿರಾಕಿ ಆಗಿದ್ರೆ ಇಂಥ ಸೆಟ್ಟು ಕೊಟ್ಟಿದ್ದಕ್ಕೆ ಮುಖದ ಮೇಲೆ ಎಸೀತಿದ್ದ," ಎಂದು ಅಪ್ಪ ಹೊರಟುಹೋದ.

ಅವತ್ತೇ ಅಮ್ಮನನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಬೇಕಿತ್ತು. ಅತ್ತಿಗೆಗೆ ತಲೆನೋವು. ಅವಳ ತಲೆನೋವು ಯಾವತ್ತೂ ಬೇರೆಯವರಿಗೆ ಡಾಕ್ಟರು ಬೇಕಾದ ದಿನವೇ ಬರುತ್ತಿತ್ತು. ಮಗಳು ಹಸಿ ಬಾಯಿಯನ್ನು ಹಾಗೇ ಬಿಟ್ಟು ಹೋದಳು. ಮೂರು ತಾಸಿನ ಮೇಲೆ ಬಂದು ನೋಡಿದರೆ ಬಾಗಿಲು ಕಾಯುವವನ ಬಾಯಲ್ಲಿ ಒಂದೂ ಕೋರೆ ಇರಲಿಲ್ಲ. ಮೇಲೆ ಕೆಳಗೆ ಎರಡು ಸಾಲು ಅಗಲವಾದ, ಸಮನಾದ, ಸವೆದ ದವಡೆಹಲ್ಲು. ಬ್ಯಾಂಕಿನಲ್ಲಿ ಸಾಲ ಇಲ್ಲ ಎಂದು ಹೇಳುವ ಮೊದಲು ಅಧಿಕಾರಿ ನಗುತ್ತಾನಲ್ಲ, ಹಾಗೆ ನಗುತ್ತಿದ್ದ. ಮುಟ್ಟಿದಳು. ಕಲ್ಲಾಗಿತ್ತು.

"ಅಪ್ಪಾ!"

"ಕಿವಿ ಇದೆ ನಂಗೆ."

"ಯಾರು ಮುಟ್ಟಿದ್ದು ಇದನ್ನ?"

"ಮುಟ್ಟಬೇಕಾದವರು."

"ನಾಳೆ ಬೆಳಿಗ್ಗೆ ಫೋಟೋ ಹೋಗ್ಬೇಕು! ಒಂದು ವಾರದ ಕೆಲಸ! ಈಗ ಹಲ್ಲು ಕೆರೆದ್ರೆ ತುಟಿಯೂ ಹೋಗತ್ತೆ!"

"ಕೆರೀಬೇಡ. ಚೆನ್ನಾಗಿ ಕೂತಿದೆ."

"ನಿಮಗೆ ಕೆಲಸ ಕೊಡೋರು ಯಾರೂ ಇಲ್ಲ ಅಂತ ನನ್ನ ಕೆಲಸ ಹಾಳು ಮಾಡ್ತೀರಾ?"

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಅಪ್ಪ ಟಿವಿಯ ಕಡೆ ತಿರುಗಿ ಕೂತ. ಅದನ್ನು ಹಚ್ಚಿರಲಿಲ್ಲ.

ಬೇರೆ ದಾರಿಯಿಲ್ಲದೆ ಅವಳು ಹಾಗೆಯೇ ಫೋಟೋ ತೆಗೆದು ಕಳಿಸಿದಳು. ಎರಡು ದಿನದ ಮೇಲೆ ಕಂಪನಿಯವನು ಫೋನಿನಲ್ಲಿ ಕಾಣಿಸಿಕೊಂಡ. "ಮೈ, ತಗಡು ಎಲ್ಲಾ ಪರವಾಗಿಲ್ಲ. ಅಷ್ಟು ಮಾಡೋರು ಬೇಕಾದಷ್ಟು ಜನ ಇದಾರೆ. ಆದ್ರೆ ಆ ಹಲ್ಲು! ಎಲ್ಲರೂ ಕೋರೆಹಲ್ಲು ತಂದು ತೋರಿಸ್ತಾರೆ, ನೋಡಿ ನೋಡಿ ಸಾಕಾಗಿದೆ. ಇದು ನಿಜವಾಗ್ಲೂ ಅರೆಯೋ ಹಲ್ಲು. ನೋಡ್ತಿದ್ರೆ ನನ್ನ ಮೂಳೆ ಜುಮ್ ಅನ್ನತ್ತೆ. ಈ ಯೋಚನೆ ನಿಮಗೆ ಹೇಗೆ ಬಂತು?"

ಮಗಳು ನಡುಮನೆಯ ಕಡೆ ಒಮ್ಮೆ ನೋಡಿದಳು. ಅಪ್ಪ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ.

"ಹೀಗೇ," ಎಂದಳು. "ಯೋಚನೆ ಮಾಡ್ತಾ ಬಂತು."

ಮೊಹರಿನ ಕಾಗದ ಬಂತು. ಆರೂ ಮೂರ್ತಿಗಳು ಎಂಟು ವಾರದ ನಂತರದ ಶನಿವಾರ ಒಟ್ಟಿಗೆ ಹೊರಡಬೇಕು, ಒಂದು ಕಡಿಮೆಯಾದರೂ ಇಡೀ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದು ಅದರಲ್ಲಿತ್ತು. ಅಣ್ಣ ಕಾಗದವನ್ನು ಬೆಳಕಿಗೆ ಹಿಡಿದು ಮೊಹರು ನಿಜದ್ದೇ ಎಂದು ನೋಡಿಕೊಂಡ. ಮರುದಿನವೇ ಅಂಗಡಿಯಲ್ಲಿ "ನಮ್ಮ ತಂಗಿ ಶಿಲ್ಪಿ, ದೊಡ್ಡ ದೊಡ್ಡ ಕಂಪನಿಯವರು ಕಾಯ್ತಾರೆ" ಎಂದು ಅರ್ಧ ದಿನದವನಿಗೂ ಹೇಳಿದ. ಅತ್ತಿಗೆ ಆ ಫೋಟೋವನ್ನು ಗೆಳತಿಯರಿಗೆ ಕಳಿಸಿದಳು. ಅಪ್ಪನಿಗೆ ಯಾರೂ ಏನೂ ಹೇಳಲಿಲ್ಲ. ಅವನ ಹಲ್ಲಿನಿಂದ ಕೆಲಸ ಸಿಕ್ಕಿತೆಂದು ಹೇಳಬೇಕಾದವಳು ಒಬ್ಬಳೇ. ಅವಳು ಹೇಳಲಿಲ್ಲ.

ಎರಡನೆಯವಳು ಅಡುಗೆಯವಳು. ಮಗಳು ತಾನೇ ದವಡೆಹಲ್ಲು ಮಾಡಿದಳು. ಎಣಿಸಿ ಮಾಡಿದಳು, ಬಾಗಿಲು ಕಾಯುವವನನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ ಮಾಡಿದಳು. ಫೋಟೋ ಹೋಯಿತು. "ಇದೇನು, ಅನ್ನದ ಅಗುಳು ಅಂಟಿಸಿದ ಹಾಗಿದೆ? ಮೊದಲನೇದರ ಥರ ಮಾಡಿ," ಎಂದು ಉತ್ತರ ಬಂತು.

ಅವಳು ಒಂದು ದಿನ ಕೂತು ಯೋಚಿಸಿದಳು. ಹೋಗಿ ಕೇಳಿದರೆ ನಡೆದುದನ್ನೆಲ್ಲ ಹೇಳಬೇಕಾಗುತ್ತಿತ್ತು, ಆಮೇಲೆ ಜೀವಮಾನವಿಡೀ ಕೇಳಬೇಕಾಗುತ್ತಿತ್ತು. ಕೇಳದೆಯೇ ಮಾಡಿಸಿಕೊಳ್ಳುವ ದಾರಿ ಅವಳಿಗೆ ಹೊಳೆಯಿತು. ತುಟಿ ಹರಿಯದಂತೆ ಆ ಬಾಯಿ ಕೆರೆದು, ಬೆಳಿಗ್ಗೆ ಹೊಸ ಅಂಟು ನಾದಿ ತುಂಬಿದಳು. ಅದರಲ್ಲಿ ಆದಷ್ಟು ಕೆಟ್ಟದಾಗಿ ಕೋರೆಹಲ್ಲು ನೆಟ್ಟಳು. ಒಂದನ್ನು ನಾಲಿಗೆಯ ಮೇಲೂ ನೆಟ್ಟಳು. ಬೆಂಚಿನ ದೀಪ ಹಚ್ಚಿಯೇ ಬಿಟ್ಟು, "ಅಮ್ಮಾ, ತರಕಾರಿ ತರ್ತೀನಿ," ಎಂದು ಚೀಲ ಹಿಡಿದು ಹೊರಟಳು.

"ನೀನಾ?" ಎಂದಳು ಅಮ್ಮ.

ಎರಡು ತಾಸು ಬಿಟ್ಟು ಬಂದಾಗ ಅಡುಗೆಯವಳ ಬಾಯಲ್ಲಿ ಇಡೀ ಬೆಟ್ಟವನ್ನು ಅರೆಯುವಂಥ ಹಲ್ಲಿತ್ತು. ಮಗಳು ಲೆಕ್ಕಕ್ಕೆ ಕೂಗಾಡಿದಳು. "ಮತ್ತೆ ಮುಟ್ಟಿದ್ರಾ? ನಿಮಗೆ ಎಷ್ಟು ಸಲ ಹೇಳೋದು?"

"ನಾಲಿಗೆ ಮೇಲೆ ಹಲ್ಲು ಇಡ್ತೀಯಲ್ಲ, ನಿಂಗೆ ಎಷ್ಟು ಸಲ ಹೇಳೋದು?"

ಹೀಗೆಯೇ ನ್ಯಾಯಾಧೀಶನಾದ, ಸೂಲಗಿತ್ತಿಯಾದಳು, ಚಾಲಕನಾದ. ಪ್ರತಿ ಸಲವೂ ಮಗಳು ಕೆಟ್ಟ ಹಲ್ಲು ನೆಟ್ಟು ಅಂಗಡಿಬೀದಿಗೆ ಹೋದಳು, ಪ್ರತಿ ಸಲವೂ ಅಪ್ಪ ಕಿತ್ತು ಒಳ್ಳೆಯದು ಕೂರಿಸಿದ. ಬೋನಿನ ಇಲಿಗಾದರೂ ಒಂದು ದಿನ ಅನುಮಾನ ಬರುತ್ತದೆ, ಈ ಮನುಷ್ಯನಿಗೆ ಬರಲಿಲ್ಲವಲ್ಲ ಎಂದು ಅವಳು ಒಳಗೊಳಗೇ ನಕ್ಕಳು. ಅಡುಗೆಮನೆಯಲ್ಲಿ ತರಕಾರಿ ಗುಡ್ಡೆಯಾಯಿತು.

"ಐದು ಹೂಕೋಸು ಬಿದ್ದಿದೆ, ಆರನೇದು ತಂದಿದೀಯಲ್ಲೇ," ಎಂದಳು ಅಮ್ಮ. "ಮದುವೆಮನೆಯಾ ಇದು?"

"ಅಗ್ಗಕ್ಕೆ ಸಿಕ್ತು."

"ಮೂರು ಹೊತ್ತೂ ಹೂಕೋಸು ತಿಂದು ನನ್ನ ಹೊಟ್ಟೆ ಉಬ್ಬಿದೆ," ಎಂದಳು ಅತ್ತಿಗೆ.

"ನಡೆದಾಡಿ ಅತ್ತಿಗೆ, ಸರಿ ಹೋಗತ್ತೆ. ಅಡುಗೆಮನೆವರೆಗೆ ಬಂದ್ರೂ ಸಾಕು."

ಕಡೆಯ ವಾರ ರಾಣಿಯೊಬ್ಬಳು ಉಳಿದಳು. ಅವಳು ಎಲ್ಲರಿಗಿಂತ ದೊಡ್ಡವಳು, ಬಾಯಿಯೂ ದೊಡ್ಡದು. ಮಂಗಳವಾರದ ಊಟದ ಹೊತ್ತಿಗೆ ಕಂಪನಿಯವನ ಇನ್ನೊಂದು ಸಂದೇಶ ಫೋನಿಗೆ ಬಂತು. ತಂಗಿ ಕೈ ತೊಳೆಯಲು ಹೋದಾಗ ಅಣ್ಣ ಅವಳ ಫೋನು ಎತ್ತಿಕೊಂಡು, ಟೈ ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಓದಿದ.

"ಕೇಳಿ ಎಲ್ಲರೂ. 'ಐದೂ ನೋಡಿದೆವು. ನಿಮ್ಮ ಕೈಯ ಹಲ್ಲಿನ ಕೆಲಸ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಈ ಹಲ್ಲಿಗಾಗಿಯೇ ನಿಮಗೆ ಆರ್ಡರು ಕೊಟ್ಟದ್ದು. ರಾಣಿಯ ಬಾಯನ್ನು ನಿಮ್ಮ ಕೈಯಿಂದಲೇ ನೋಡಲು ಕಾಯುತ್ತಿದ್ದೇವೆ.' ನೋಡಿದ್ಯಾ ಅಮ್ಮ? ನಾನು ಮೊದಲಿಂದ ಹೇಳ್ತಿದ್ದೆ, ನಮ್ಮ ಹುಡುಗಿ ಕೈಯಲ್ಲಿ ಏನೋ ಇದೆ ಅಂತ."

ಅವನು ಮೊದಲಿಂದ ಏನು ಹೇಳುತ್ತಿದ್ದನೆಂಬುದು ಎಲ್ಲರಿಗೂ ನೆನಪಿತ್ತು. ಕೈ ಒರೆಸಿಕೊಳ್ಳುತ್ತ ಬಂದ ಮಗಳು ಬಾಗಿಲಲ್ಲೇ ನಿಂತಳು. ಅಪ್ಪ ಅವಳ ಕಡೆ ನೋಡಲಿಲ್ಲ. ತಟ್ಟೆಯಲ್ಲಿ ಉಳಿದ ಅನ್ನವನ್ನು ಒತ್ತರಿಸಿ, ಒಂದೊಂದೇ ತುತ್ತು ನಿಧಾನವಾಗಿ ಅಗಿದು ಮುಗಿಸಿದ.

ಬುಧವಾರ ಬೆಳಿಗ್ಗೆ ಅವಳು ರಾಣಿಯ ಬಾಯಲ್ಲಿ ಹಸಿ ಅಂಟು ತುಂಬಿ, ವಕ್ರವಾಗಿ ಕೋರೆಗಳನ್ನು ನೆಟ್ಟು, ದೀಪ ಹಚ್ಚಿ, ಚೀಲ ಹಿಡಿದು ಹೋದಳು. ಬೀದಿ ಸುತ್ತಿ ಬಂದಳು. ಕೋರೆಗಳು ಹಾಗೆಯೇ ಇದ್ದವು, ಕಲ್ಲಾಗಿ. ಅಪ್ಪ ನಡುಮನೆಯಲ್ಲಿ ಪೇಪರು ಓದುತ್ತಿದ್ದ.

"ಅಪ್ಪ, ಇವತ್ತು... ನೋಡ್ಲಿಲ್ವಾ?"

"ನೋಡ್ದೆ. ಚೆನ್ನಾಗಿದೆ."

"ಚೆನ್ನಾಗಿದೆಯಾ?"

"ನಂಗೇನ್ ಗೊತ್ತಾಗತ್ತಮ್ಮ? ನಾನು ಬೋಳು ಬಾಯಿಗೆ ತಟ್ಟೆ ಮಾಡ್ತಿದ್ದೋನು. ನಿನ್ನ ಕೈಯ ಹಲ್ಲು ಊರೆಲ್ಲ ಹೊಗಳೋವಂಥದ್ದು." ಅವನು ಪೇಪರಿನ ಹಾಳೆ ತಿರುವಿದ. "ಹೂಕೋಸು ತಂದ್ಯಾ?"

ಅವಳ ಕಿವಿ ಬಿಸಿಯಾಯಿತು. "ನಿಮಗೆ ಗೊತ್ತಿತ್ತಾ?"

"ಎರಡನೇದ್ರಲ್ಲೇ. ನಾಲಿಗೆ ಮೇಲೆ ಹಲ್ಲು ಬರೋದಿಲ್ಲ ಅಂತ ಕೂಸಿಗೂ ಗೊತ್ತಿರತ್ತೆ. ಬೇಕಂತ ಕೆಡಿಸಿದೀಯ ಅಂದ್ಕೊಂಡೆ. ಕೇಳೋಕೆ ನಾಚಿಕೆ, ಪಾಪ, ಮಾಡ್ಲಿ ಅಂದ್ಕೊಂಡೆ. ಅಪ್ಪ ಮಾಡಿದ್ದು ಅಂತ ಹೇಳೋಕೂ ನಾಚಿಕೆ ಅಂತ ನಿನ್ನೆ ಗೊತ್ತಾಯ್ತು."

ಬುಧವಾರ ಪೂರ್ತಿ ಅವಳು ಒಬ್ಬಳೇ ಹೆಣಗಿದಳು. ಕೆರೆದಳು, ತುಂಬಿದಳು, ಹಲ್ಲು ಕೂರಿಸಿದಳು. ಅನ್ನದ ಅಗುಳು. ಗುರುವಾರ ಮತ್ತೆ ಕೆರೆದಳು. ಈ ಸಲ ಗೋಡೆಗೆ ಹೊಡೆದ ಗೂಟದ ಸಾಲಿನ ಹಾಗಾಯಿತು. ರಾಣಿಯ ಕೆಳತುಟಿ ತೆಳ್ಳಗಾಗುತ್ತ ಬಂತು, ಇನ್ನೊಂದು ಸಲ ಕೆರೆದರೆ ಹರಿದೇ ಹೋಗುತ್ತಿತ್ತು. ಮಧ್ಯಾಹ್ನ ಅಣ್ಣ ಫೋನು ಮಾಡಿ, "ಶನಿವಾರಕ್ಕೆ ಆಗತ್ತಲ್ವಾ? ಅಂಗಡೀಲಿ ಎಲ್ರೂ ಕೇಳ್ತಿದಾರೆ," ಎಂದ. "ಗೊತ್ತಿಲ್ಲ," ಎಂದಳು. ಅಣ್ಣನ ಅಭಿಮಾನ ಕರಗಲು ಅಷ್ಟೇ ಸಾಕಾಯಿತು. ಸಂಜೆ ಅವನು ಪಾರ್ಸೆಲ್‌ನವನನ್ನು ಜೊತೆಯಲ್ಲೇ ಕರೆದುಕೊಂಡು ಬಂದ.

ಪಾರ್ಸೆಲ್‌ನವನು ಐವತ್ತು ದಾಟಿದ, ಹೊಸ ಬೂಟಿನ ಮನುಷ್ಯ. ಅಳತೆಯ ಟೇಪು ತಂದಿದ್ದ. ಮಗಳು ಬೆಂಚಿನಲ್ಲಿ ಕೂತಿದ್ದ ಹಾಗೆಯೇ ಅವಳ ಬೆನ್ನ ಹಿಂದೆ ಗೋಡೆಯಿಂದ ಗೋಡೆಗೆ ಟೇಪು ಎಳೆದರು.

"ಅಣ್ಣ, ಇವತ್ತು ಗುರುವಾರ."

"ಮುಂದಾಲೋಚನೆ ಅಂತ ಒಂದಿರತ್ತೆ. ನೀನು ನಿನ್ನ ಪಾಡಿಗೆ ಮಾಡ್ಕೊ."

"ಈ ಬೆಂಚು?" ಎಂದು ಕೇಳಿದ ಪಾರ್ಸೆಲ್‌ನವನು.

"ಅಯ್ಯೋ, ಅದು ಹಳೇ ಹಲಗೆ," ಎಂದಳು ಬಾಗಿಲಲ್ಲಿ ನಿಂತಿದ್ದ ಅತ್ತಿಗೆ. "ಸೌದೆಗೆ ಯಾರಾದ್ರೂ ಒಯ್ತಾರೆ."

ನಡುಮನೆಯ ಕುರ್ಚಿ ಕಿರುಗುಟ್ಟಿತು. ಅಪ್ಪ ಎದ್ದು ಬಂದಾನೆಂದು ಮಗಳು ಕಾದಳು. ಬರಲಿಲ್ಲ.

ಬಂದವರನ್ನು ಉಣ್ಣಿಸದೆ ಕಳಿಸುವುದು ಅಮ್ಮನಿಗೆ ಗೊತ್ತಿಲ್ಲ. ಪಾರ್ಸೆಲ್‌ನವನೂ ಮೇಜಿಗೆ ಕೂತ. ಅನ್ನ, ಮೀನು, ಅದೇ ಹೂಕೋಸು. ಅವನು ಅಗಿದಾಗಲೆಲ್ಲ ಬಾಯೊಳಗೆ ಕಟಕ್ ಕಟಕ್ ಎಂದು ಸದ್ದಾಗುತ್ತಿತ್ತು. ಅಣ್ಣ ಬೀದಿಯ ಬೋರ್ಡು ಎಷ್ಟು ಅಗಲ ಇರಬೇಕೆಂದು ಹೇಳುತ್ತಿದ್ದ. ಮಗಳ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ನಾಳೆ ಶುಕ್ರವಾರ. ಅಪ್ಪ ಎದುರಿಗೇ ಕೂತಿದ್ದ. ಒಂದು ಮಾತು ಆಡಿದರೆ ಆಯಿತು, ಆದರೆ ಅವಳು ಮೀನಿನ ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತ ಕೂತಳು.

"ಅಪ್ಪ," ಎಂದಳು ಕೊನೆಗೆ, ಮೆಲ್ಲಗೆ. "ರಾಣಿ ಬಾಯಿ ನನ್ನಿಂದ ಆಗ್ತಿಲ್ಲ."

"ಏನು?"

"ಹಲ್ಲು. ನನ್ನಿಂದ ಆಗ್ತಿಲ್ಲ."

"ನಂಗೆ ಸರಿಯಾಗಿ ಕೇಳಿಸಲ್ಲ. ಇವರಿಗೂ ಕೇಳೋ ಹಾಗೆ ಹೇಳು."

ಅಣ್ಣ ಮಾತು ನಿಲ್ಲಿಸಿದ. ಮಗಳು ತಲೆಯೆತ್ತಿದಳು. "ಆ ಐದರ ಹಲ್ಲೂ ನಾನು ಮಾಡಿದ್ದಲ್ಲ. ಅಪ್ಪ ಮಾಡಿದ್ದು. ಕಂಪನಿಯವರಿಗೆ ನಾನು ಮಾಡಿದ್ದು ಅಂತ ಸುಳ್ಳು ಹೇಳಿದೆ. ಸಾಕಾ?"

"ಅಪ್ಪ ಮಾಡಿದ್ದಾ?" ಅಣ್ಣ ಪಾರ್ಸೆಲ್‌ನವನ ಕಡೆ ತಿರುಗಿ ನಕ್ಕ. "ನೋಡಿ ಸಾರ್. ಎರಡು ತಿಂಗಳಿಂದ ನಾನು ಊರಿಗೆಲ್ಲ ಶಿಲ್ಪಿ ಶಿಲ್ಪಿ ಅಂತ ಹೇಳ್ಕೊಂಡು ಬಂದೆ. ಅಂದ್ರೆ ಇವಳಿಗೆ ಬರೋದೇ ಇಲ್ಲ! ಹಾಗಿದ್ರೆ ನಮ್ಮ ಮಾತು ಮುಗೀತು. ನೀನು ಮಾಡಿದ್ರೆ ಕೋಣೆ ನಿಂದು ಅಂದಿದ್ದೆ. ನೀನು ಮಾಡ್ಲಿಲ್ಲ."

"ಮೈ ಯಾರು ಮಾಡಿದ್ದು?" ಎಂದ ಅಪ್ಪ.

"ಏನು?"

"ಹಲ್ಲು ನಂದು. ಹಲ್ಲು ಕೂರೋಕೆ ದವಡೆ, ದವಡೆಗೆ ತಲೆ, ತಲೆಗೆ ಮೈ ಯಾರು ಮಾಡಿದ್ದು? ನೀನಾ? ನೀನು ಮಾಡಿರೋದು ಏನಿದೆ, ಹೇಳಪ್ಪ, ಒಂದು ಬಕೆಟ್ಟು ತಿರುಗಿಸಿ ಇಟ್ಟಿದ್ದಾದ್ರೂ?"

"ಅಪ್ಪ, ಹೊರಗಿನವರ ಮುಂದೆ..."

ಅಪ್ಪ ಹೊರಗಿನವರ ಕಡೆ ತಿರುಗಿ ಭೂತಗನ್ನಡಿ ತೆಗೆದ. "ನಿಮ್ಮ ಸೆಟ್ಟು ಯಾರು ಮಾಡಿದ್ದು, ಸ್ವಾಮಿ?"

ಪಾರ್ಸೆಲ್‌ನವನು ಅಗಿಯುವುದನ್ನು ನಿಲ್ಲಿಸಿದ. "ಕ್ಲಿನಿಕ್ಕಲ್ಲಿ... ಕಂಪ್ಯೂಟರಲ್ಲಿ ಮಾಡಿದ್ದು."

"ಗೊತ್ತಾಗತ್ತೆ. ಮೀನು ಸತ್ತಿದೆ, ಮತ್ತೆ ಯಾಕೆ ಅಷ್ಟು ಹೊಡೀತೀರಿ? ಕೆಳಗಿನದು ಎಡಕ್ಕೆ ವಾಲಿದೆ. ನನ್ನ ಬೆಂಚನ್ನ ಸೌದೆಗೆ ಕೊಡೋದಿಲ್ಲ, ಕೋಣೆನೂ ಬಾಡಿಗೆಗೆ ಇಲ್ಲ. ಊಟ ಮಾಡ್ಕೊಂಡು ಹೋಗಿ. ನಿಧಾನಕ್ಕೆ ಅಗೀರಿ, ಜಾರಿ ಬೀಳತ್ತೆ."

"ರೀ, ಏನಾದ್ರೂ ಹೇಳಿ," ಎಂದಳು ಅತ್ತಿಗೆ ಗಂಡನಿಗೆ. ಗಂಡ ಟೈಯನ್ನು ಗುಂಡಿಗಳ ನಡುವಿನಿಂದ ಹೊರಗೆ ತೆಗೆದ, ಮತ್ತೆ ಒಳಗೆ ಸಿಕ್ಕಿಸಿದ. ಮನೆ ಅಪ್ಪನ ಹೆಸರಿನಲ್ಲಿತ್ತು. ಅದನ್ನು ಅವನು ಬಹಳ ದಿನದಿಂದ ಮರೆತಿದ್ದ. ಅಮ್ಮ ಪಾರ್ಸೆಲ್‌ನವನ ತಟ್ಟೆಗೆ ಇನ್ನೊಂದು ಸೌಟು ಹೂಕೋಸು ಹಾಕಿದಳು.

ಶುಕ್ರವಾರ ಬೆಳಿಗ್ಗೆ ಮಗಳು ಮುಂದಿನ ಕೋಣೆಗೆ ಬಂದಾಗ ಅವಳ ಕುರ್ಚಿಯಲ್ಲಿ ಅಪ್ಪ ಕೂತಿದ್ದ. ದೀಪವನ್ನು ತನ್ನ ಕಡೆಗೆ ಎಳೆದುಕೊಂಡಿದ್ದ. ತುಟಿ ಹರಿಯದಂತೆ ರಾಣಿಯ ಬಾಯಿಯನ್ನು ಆಗಲೇ ಕೆರೆದು ಖಾಲಿ ಮಾಡಿದ್ದ. ಅವಳ ಉಳಿ ಸೂಜಿಗಳನ್ನೆಲ್ಲ ತನಗೆ ಬೇಕಾದ ಸಾಲಿನಲ್ಲಿ ಜೋಡಿಸಿದ್ದ. ಅವಳು ಅಂಟು ತೀಡುತ್ತಿದ್ದ ರಬ್ಬರ್ ತುದಿಯ ಕುಂಚಗಳನ್ನು ಕಸದ ಡಬ್ಬಿಯ ಪಕ್ಕಕ್ಕೆ ಇಟ್ಟಿದ್ದ.

"ಇದು ನನ್ನ ಜಾಗ," ಎಂದಳು.

"ಅಡುಗೆಮನೇಲಿ ಸ್ಟೂಲಿದೆ. ತಂದ್ಕೊ."

ಕೋಣೆ ಪಾರ್ಸೆಲ್‌ನವನಿಗೆ ಹೋಗಲಿಲ್ಲ, ಆದರೆ ಅವಳಿಗೂ ಉಳಿಯಲಿಲ್ಲ. ನಾಳೆಯೂ ಈ ಮನುಷ್ಯ ಇಲ್ಲೇ ಇರುತ್ತಾನೆ, ನಾಡಿದ್ದೂ ಇರುತ್ತಾನೆ. ಕೆಮ್ಮುತ್ತಾನೆ, ಹಂಗಿಸುತ್ತಾನೆ, ಬೆಳಕನ್ನೆಲ್ಲ ತಾನೇ ತೆಗೆದುಕೊಳ್ಳುತ್ತಾನೆ. ಹೋಗಿ ಸ್ಟೂಲು ತಂದಳು. ಅದು ಕುರ್ಚಿಗಿಂತ ಒಂದು ಗೇಣು ಕೆಳಗಿತ್ತು.

"ಕಂಪನಿಯವನಿಗೆ ಬರೆದಿದೀನಿ," ಎಂದಳು. "ಹಲ್ಲು ನಿಮ್ಮದು ಅಂತ. ಡಬ್ಬಿ ಮೇಲೆ ಎರಡೂ ಹೆಸರು ಹಾಕಿ ಅಂತ."

"ದೆವ್ವದ ಡಬ್ಬಿ ಮೇಲೆ ನನ್ನ ಹೆಸರಾ? ಮರ್ಯಾದೆ ಹೋಗತ್ತೆ." ಅವನು ರಾಣಿಯನ್ನು ಬಿರಡೆಯ ಸಮೇತ ಎತ್ತಿ ಬೆಳಕಿಗೆ ಹಿಡಿದು ತೆಳ್ಳಗಾದ ತುಟಿಯನ್ನು ನೋಡಿದ. ಬಿರಡೆಯನ್ನು ಒಂದು ಸುತ್ತು ತಿರುಗಿಸಿ, "ಹಾಕೋದೇ ಆದ್ರೆ ನಂದು ಮೇಲಿರ್ಲಿ," ಎಂದ.

ಅವಳು ನೀಲಿ, ಹಳದಿ ಸಮ ಸಮ ಕಿತ್ತು ನಾದಿ ಹಸಿರು ಉಂಡೆ ಮಾಡಿ ಅವನ ಮುಂದಿಟ್ಟಳು. ಅವನು ಅದನ್ನು ಅವಳ ಕಡೆಗೇ ತಳ್ಳಿದ.

"ನೀನೇ ಮಾಡು. ನಾನು ಎಷ್ಟು ದಿನ ಮಾಡ್ಕೊಂಡಿರ್ಲಿ?"

"ನಾಳೆ ಕಳಿಸ್ಬೇಕು ಅಪ್ಪ!"

"ಹಾಗಾದ್ರೆ ಮಾತು ಕಡಿಮೆ ಮಾಡು."

ಅವಳು ಚೂರು ಅಂಟು ಕಿತ್ತು, ಸಣ್ಣ ಕಾಳಿನಷ್ಟು ಮಾಡಿ, ಹಲ್ಲಾಗಿ ಒತ್ತಲು ಹೋದಳು. ಅಪ್ಪ ಅವಳ ಬೆರಳಿನ ಗೆಣ್ಣಿಗೆ ಸೂಜಿಯ ಹಿಡಿಯಿಂದ ಕುಟ್ಟಿದ.

"ಹಲ್ಲು ಯಾರು ಮಾಡು ಅಂದ್ರು? ಅದಕ್ಕೇ ನಿಂದು ಅಗುಳು ಅಂಟಿಸಿದ ಹಾಗೆ ಬರೋದು. ಮೊದಲು ಒಸಡು. ಒಸಡು ಉಬ್ಬಿ ಬರ್ಬೇಕು, ಹಲ್ಲಿನ ಬುಡಾನ ತಬ್ಬಿ ಹಿಡೀಬೇಕು. ಜನ ಹಲ್ಲು ನೋಡಿ ಹೆದರ್ತಾರೆ ಅಂದ್ಕೊಂಡಿದಾರೆ, ಮೂರ್ಖರು. ಹಲ್ಲು ಎಷ್ಟು ಆಳಕ್ಕೆ ಇಳಿದಿದೆ ಅಂತ ಒಸಡು ಹೇಳತ್ತೆ, ಹೆದರೋದು ಅದಕ್ಕೆ."

ಅವಳು ಎಳೆಯಂತೆ ಹೊಸೆದು ರಾಣಿಯ ದವಡೆಗೆ ಕೂರಿಸಿದಳು, ಬೆರಳಿಗೆ ನೀರು ಹಚ್ಚಿ ನುಣುಪು ಮಾಡಿದಳು, ಅವನ ಮುಂದೆ ಹಿಡಿದಳು. ಅಪ್ಪ ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡು ಬಹಳ ಹೊತ್ತು ನೋಡಿದ.

"ಥೂ," ಎಂದ. "ತೆಗಿ. ಮತ್ತೆ ಮಾಡು."

ಅವಳು ತೆಗೆದಳು. ಅಂಟು ಇನ್ನೂ ಮೆತ್ತಗಿತ್ತು. ಮತ್ತೆ ಹೊಸೆಯತೊಡಗಿದಳು.